ಪರೀಕ್ಷೆ ಇಲಾಖೆಯ ವರ

ಕಮತಗಿಯಿಂದ ಫೋನು ಬಂದಾಗ ನಾನು ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕೈಯೆಲ್ಲ ಹಿಟ್ಟಾಗಿದ್ದರಿಂದ ಮಗಳೇ ಫೋನನ್ನು ನನ್ನ ಕಿವಿಗೆ ಹಿಡಿದಳು. ‘ಸರ್ ಹ್ವಾದ್ರು’ ಎಂದಷ್ಟೇ ಆ ಕಡೆಯಿಂದ ಹೇಳಿದರು. ಯಾವ ಸರ್ ಎಂದು ನಾನು ಕೇಳಲಿಲ್ಲ. ಸಾಲಿಯಿಂದ ಕಾಲೇಜಿನವರೆಗೆ ನನಗೆ ಕಲಿಸಿದ ಸರ್‌ಗಳು ಇಪ್ಪತ್ತು ಮೂವತ್ತು ಮಂದಿಯಾದರೂ ಇದ್ದಾರು. ಆದರೆ ಹಿಂದೆ ಮುಂದೆ ಹೆಸರಿಲ್ಲದೆ ಬರೀ ‘ಸರ್’ ಎಂದರೆ ನನ್ನ ಮಟ್ಟಿಗೆ ಒಬ್ಬರೇ. ಮಜಾ ಎಂದರೆ, ಅವರು ನನಗೆ ಕಲಿಸಿದವರೇ ಅಲ್ಲ. ಜೊತೆಗೆ ಕೆಲಸ ಮಾಡಿದವರು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹಿನ್ನೀರಿನ ಪಾಲಾಗಿ, ಮಂದಿ ನವನಗರಕ್ಕೆ ಬಂದು ಸೆಕ್ಟರ್ ನಂಬರು ಹೇಳಿಕೊಂಡು ತಮ್ಮ ತಮ್ಮ ಮನೆ ಹುಡುಕುತ್ತಿದ್ದ ಕಾಲ. ನಾನು ಬಿ.ಎಸ್ಸಿ. ಮುಗಿಸಿ, ಬಾದಾಮಿಯಿಂದ ದಿನಾ ಓಡಾಡಿ ನವನಗರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದೆ. ಸೆಂಟರು ಹಿಟ್ಟಿನ ಗಿರಣಿಯ ಮೇಲಿತ್ತು. ಕೆಳಗೆ ಜೋಳ ಬೀಸಿದಷ್ಟೂ ಮೇಲೆ ನಮ್ಮ ಕೀಬೋರ್ಡುಗಳು ಬೆಳ್ಳಗಾಗುತ್ತಿದ್ದವು. ಸರ್ ಪ್ರತಿದಿನ ಮುಂಜಾನೆ ದಾಡಿ ಮಾಡುವ ಬ್ರಶ್ಶು ಹಿಡಿದು ಒಂದೊಂದು ಕೀಲಿಯ ಸಂದಿಯನ್ನೂ ಒರೆಸುತ್ತ, ‘ನಮ್ಮ ಕಂಪ್ಯೂಟರ್ ಎಲ್ಲಾ ಹೊಟ್ಟಿ ತುಂಬ ಉಂಡಾವ ತಂಗಿ, ಕೆಲಸಕ್ಕಷ್ಟ ಆಲಸಿ’ ಎನ್ನುತ್ತಿದ್ದರು.

ಸೆಂಟರು ಅವರದೇ. ಆಗ ಅವರಿಗೆ ನಲವತ್ತೆರಡು. ಆರಡಿ ಮೀರಿದ ಸಣಕಲು ಮನುಷ್ಯ. ತಮ್ಮದೇ ಸೆಂಟರಿನ ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕೆಂಬುದು ವಾರಕ್ಕೆ ಎರಡು ಸಲವಾದರೂ ಅವರಿಗೆ ಮರೆಯುತ್ತಿತ್ತು. ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಒಂದು ಟೆಸ್ಟರ್ ಇಟ್ಟಿರುತ್ತಿದ್ದರು. ಇಳಕಲ್ಲಿನ ನೇಕಾರರ ಮನೆಯವರು. ತಾಯಿ ಆಗಲೂ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಸೀರೆ ನೇಯುತ್ತಿದ್ದರು. ಮಗ ಮಾತ್ರ ಟಿ.ವಿ. ರಿಪೇರಿ ಕಲಿತು, ಅಲ್ಲಿಂದ ಕಂಪ್ಯೂಟರಿಗೆ ಹಾರಿದ್ದರು. ಲಗ್ನವಾಗಿರಲಿಲ್ಲ. ಯಾಕೆ ಎಂದು ಕೇಳುವಷ್ಟು ಸಲಿಗೆ ನನಗಿನ್ನೂ ಬಂದಿರಲಿಲ್ಲ.

ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮಾತು ಒಂದಿತ್ತು: ‘ಕುಂತವರನ್ನ ಎಬ್ಬಿಸಬಾರದು.’ ಅದನ್ನು ಅವರು ಎಲ್ಲಿ ಬೇಕಾದಲ್ಲಿ ಹಚ್ಚುತ್ತಿದ್ದರು. ಇಳಕಲ್ಲಿನಿಂದ ಬಾಗಲಕೋಟೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದಾರು. ‘ಸ್ವಲ್ಪ ಸರೀರಿ’ ಎಂದು ಯಾರಿಗೂ ಅನ್ನರು. ಕ್ಲಾಸಿಗೆ ಯಾರಾದರೂ ತಡವಾಗಿ ಬಂದರೆ ಒಳಗಿನ ಬೆಂಚಿಗೆ ಹೋಗಲು ಉಳಿದವರು ಏಳಬೇಕಾಗುತ್ತದೆಂದು ತಮ್ಮ ಕುರ್ಚಿಯನ್ನೇ ಕೊಟ್ಟುಬಿಡುತ್ತಿದ್ದರು. ಇದರ ಪರಿಣಾಮ ಏನಾಯಿತೆಂದರೆ, ಹುಡುಗರು ಮೆತ್ತನೆಯ ಆ ಕುರ್ಚಿಯ ಆಸೆಗೆ ಸರದಿ ಹಚ್ಚಿ ತಡವಾಗಿ ಬರತೊಡಗಿದರು. ನಾನು ಹೇಳಿದರೆ, ‘ಗೊತ್ತೈತಿ ತಂಗಿ. ಆದ್ರ ಸರದಿ ಹಚ್ಚೂದಕ್ಕರ ಶಿಸ್ತು ಬೇಕಲ್ಲ?’ ಎಂದು ನಕ್ಕರು.

ಈ ಮನುಷ್ಯನಿಗೆ ಜಾವಾ ಸರ್ವರ್ ಗಂಟುಬಿದ್ದದ್ದು ನನ್ನ ಕಣ್ಣೆದುರಿಗೇ.

ನಮ್ಮ ಸೆಂಟರಿನಲ್ಲಿ ಹತ್ತು ಕಂಪ್ಯೂಟರುಗಳಿದ್ದವು. ಅವುಗಳಲ್ಲಿ ಒಂದನ್ನು ಸರ್ವರ್ ಮಾಡಿ, ಉಳಿದವಕ್ಕೆ ಕೇಬಲ್ ಎಳೆದು, ಹುಡುಗರಿಗೆ ಜಾಲತಾಣ ಕಟ್ಟುವುದನ್ನು ಕಲಿಸುತ್ತಿದ್ದೆವು. ತೊಂದರೆ ಏನೆಂದರೆ, ಕೋಡಿನಲ್ಲಿ ಒಂದಕ್ಷರ ತಿದ್ದಿದರೂ ಸರ್ವರ್ ನಿಲ್ಲಿಸಿ ಮತ್ತೆ ಹಚ್ಚಬೇಕು. ಆ ಹಳೇ ಯಂತ್ರ ಎದ್ದು ಮೈಮುರಿದು ಮಾತಾಡಲು ಐದು ನಿಮಿಷವಾದರೂ ಹಿಡಿಯುತ್ತಿತ್ತು. ಅಷ್ಟರಲ್ಲಿ ಒಂಬತ್ತು ಕಂಪ್ಯೂಟರುಗಳ ಮುಂದೆ ಕುಳಿತವರು ಅರ್ಧ ತುಂಬಿದ್ದೆಲ್ಲ ಹಾಳಾಗಿ, ಎಲ್ಲರೂ ಮೊದಲಿನಿಂದ ಸುರು ಮಾಡಬೇಕು. ಸರ್‌ಗೆ ಇದನ್ನು ಸಹಿಸಲಾಗಲಿಲ್ಲ. ‘ಒಬ್ಬಾಂವ ತನ್ನ ತಪ್ಪು ತಿದ್ಕೊಂಡ್ರ ಒಂಬತ್ತು ಮಂದಿ ಯಾಕ ಏಳಬೇಕು?’

ಪೇಟೆಯ ಸೈಬರ್ ಕೆಫೆಗೆ ಹೋಗಿ ಸರ್ವರಿನ ಕೈಪಿಡಿಯನ್ನು ಪೂರ್ತಿ ಪ್ರಿಂಟ್ ಹಾಕಿಸಿಕೊಂಡು ಬಂದರು. ಸಾಲಿ ಪುಸ್ತಕಕ್ಕೆ ಹಾಕುವಂತೆ ಅದಕ್ಕೆ ಖಾಕಿ ಹೊದಿಕೆ ಹಾಕಿದರು. ಹದಿನೈದು ದಿನ ಕೆಂಪು ಪೆನ್ನು ಹಿಡಿದು ಓದಿದರು. ಒಂದು ಮಧ್ಯಾಹ್ನ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, ‘ಸಿಕ್ತು!’ ಎಂದು ಕೂಗಿ ಮೆಟ್ಟಿಲು ಇಳಿದು ಓಡಿದರು. ಹೇಳಿಕೊಳ್ಳಲು ಬೇರೆ ದೊಡ್ಡವರು ಯಾರೂ ಇರಲಿಲ್ಲವಾದ್ದರಿಂದ ಗಿರಣಿಯ ಮಾಲೀಕನಿಗೇ ಹೇಳಿದರು. ನಾನೂ ಹಿಂದಿನಿಂದ ಓಡಿದ್ದೆ.

‘ನೋಡ್ರಿ, ಸರ್ವರ್ ಬಂದ್ ಮಾಡೂದs ಬ್ಯಾಡ. ಅದು ನಡದಿರಬೇಕಾದ್ರನ ಹಳೇ ಕೋಡ್ ತಗದು ಹೊಸಾದು ಹಾಕಬೋದು. ರೀಲೋಡ್ ಅಂತಾರ. ಒಂದs ಗುಂಡಿ!’

ಗಿರಣಿಯಾತ ಮೈಮೇಲಿನ ಹಿಟ್ಟು ಕೊಡವಿಕೊಳ್ಳುತ್ತ ಯೋಚಿಸಿದ. ‘ಅಂದ್ರ, ಗಿರಣಿ ತಿರಗತಿರೂವಾಗ ಒಳಗಿನ ಕಲ್ಲು ಬದಲಿ ಮಾಡಿದಂಗ ಏನ್ರಿ?’

‘ಹಾಂ, ಹಂಗ ತಿಳಕೋರಿ!’

‘ಬ್ಯಾಡ್ರೀ ಸರ,’ ಆತ ಗಾಬರಿಯಾಗಿ ಹೇಳಿದ, ‘ಕೈ ಹೋಗತಾವು.’

ಕೈ ಹೋಗಲಿಲ್ಲವಾದರೂ ಮೊದಲ ದಿನವೇ ಪೆಟ್ಟು ಬಿತ್ತು. ನನ್ನನ್ನು ಒಂದು ಕಂಪ್ಯೂಟರಿನ ಮುಂದೆ ಕೂಡಿಸಿ ಒಂದು ಅರ್ಜಿಯನ್ನು ಅರ್ಧ ತುಂಬಿಸಿದರು. ತಾವು ಕೋಡಿನಲ್ಲಿ ಒಂದು ಸಾಲು ತಿದ್ದಿ, ಮಂತ್ರ ಹಾಕುವವರ ಹಾಗೆ ಗುಂಡಿ ಒತ್ತಿದರು. ನನ್ನ ಪರದೆಯ ಮೇಲೆ ಹೊಸ ಸಾಲು ಬಂತು. ನಾನು ತುಂಬಿದ ಹೆಸರು ಇತ್ತು, ಊರು ಇತ್ತು, ಆದರೆ ವಿಳಾಸ ಮಂಗಮಾಯ. ಮತ್ತೆ ಎರಡು ದಿನ ಕೈಪಿಡಿ. ಆಮೇಲೆ ಬಂದು ನನಗೆ ತಿಳಿಸಿ ಹೇಳಿದರು. ರೀಲೋಡ್ ಮಾಡುವಾಗ ಸರ್ವರ್, ಕುಂತವರೆಲ್ಲರ ಅರ್ಧಮರ್ಧ ಕೆಲಸವನ್ನು ಒಂದೊಂದು ಗಂಟು ಕಟ್ಟಿ ಬದಿಗಿಡುತ್ತದೆ. ಹೊಸ ಕೋಡ್ ಬಂದ ಮೇಲೆ ಗಂಟು ಬಿಚ್ಚಿ ಅವರವರದು ಅವರವರಿಗೆ ಕೊಡುತ್ತದೆ. ‘ಆದ್ರ ಗಂಟಿನ್ಯಾಗ ಕಟ್ಟಾಕ ಬರೂವಂಥಾ ಸಾಮಾನಷ್ಟ ಇಟಗೋತೈತಿ. ಇದು ಕಟ್ಟಾಕ ಬರತೈತಿ ಅಂತ ನಾವು ಒಂದೊಂದು ಕ್ಲಾಸಿನ ನೆತ್ತಿ ಮ್ಯಾಲೂ ಬರದು ಕೊಡಬೇಕು. ವಿಳಾಸದ ಕ್ಲಾಸಿಗೆ ನೀ ಬರದಿಲ್ಲ.’

ಕ್ಲಾಸು ಎಂದರೆ ಇಲ್ಲಿ ಕೋಡಿನ ಒಂದೊಂದು ತುಂಡು. ಅದರ ನೆತ್ತಿಯ ಮೇಲೆ ಬರೆದುಕೊಡಬೇಕಾದ ಎರಡು ಶಬ್ದಗಳಿಗೆ ಅವರು ‘ಗಂಟಿನ ಸಾಲು’ ಎಂದು ಹೆಸರಿಟ್ಟರು. ನನ್ನಿಂದ ಕರಿಹಲಗೆಯ ಮೇಲೆ ಅದನ್ನು ಐವತ್ತು ಸಲ ಬರೆಸಿದರು. ಇಪ್ಪತ್ತಮೂರು ವರ್ಷದ ನಾನು, ನನ್ನದೇ ವಿದ್ಯಾರ್ಥಿಗಳ ಎದುರು, ತುಟಿ ಕಚ್ಚಿಕೊಂಡು ಬರೆದೆ. ಅವರು ಪಕ್ಕದಲ್ಲಿ ನಿಂತು ಡಸ್ಟರ್ ಹಿಡಿದು ಜಾಗ ಒರೆಸಿ ಕೊಟ್ಟರು.

ಇಷ್ಟಾದರೂ ಆ ವಿದ್ಯೆಗೆ ಒಂದು ಕೊರತೆ ಇತ್ತು. ಹಳೇ ಕೋಡು ಪೂರ್ತಿ ಹೋಗುವುದಿಲ್ಲ. ಮೆಮೊರಿಯ ಯಾವುದೋ ಮೂಲೆಯಲ್ಲಿ ಅಷ್ಟಷ್ಟು ಉಳಿದುಬಿಡುತ್ತದೆ. ಏಳೆಂಟು ಸಲ ರೀಲೋಡ್ ಮಾಡಿದರೆ ಮೆಮೊರಿ ತುಂಬಿ ಸರ್ವರ್ ತಾನಾಗಿಯೇ ಕಾಲು ಚಾಚುತ್ತದೆ. ಹಾಗಾಗಿ ಸರ್ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆಯುತ್ತಿದ್ದರು. ಐದು ಗೀಟಾದರೆ ಹುಡುಗರೆಲ್ಲ ಊಟಕ್ಕೆ ಇಳಿದು ಹೋಗುವವರೆಗೆ ಕಾದು, ಕೊನೆಯವನು ಮೆಟ್ಟಿಲು ಇಳಿದದ್ದನ್ನು ಕಿಟಕಿಯಲ್ಲಿ ಬಗ್ಗಿ ನೋಡಿ, ಆಮೇಲೆ ಸರ್ವರ್ ನಿಲ್ಲಿಸಿ ಹಚ್ಚುತ್ತಿದ್ದರು. ಅವರ ಊಟ ಯಾವಾಗ ಎಂದು ಆ ಸರ್ವರ್‌ಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಒಂದು ದಿನ ಅವರ ತಾಯಿ ಇಳಕಲ್ಲಿನಿಂದ ಬಂದಿದ್ದರು. ದಾರಿಯಲ್ಲಿ ಅಮೀನಗಡದ ಕರದಂಟು ಕಟ್ಟಿಸಿಕೊಂಡು ಬಂದು ಎಲ್ಲರಿಗೂ ಹಂಚಿದರು. ಸರ್ ಕೇಬಲ್ ತರಲು ಪೇಟೆಗೆ ಹೋಗಿದ್ದಾಗ ನಾನು ಧೈರ್ಯ ಮಾಡಿ, ‘ಸರ್ ಯಾಕ ಲಗ್ನಾ ಆಗಿಲ್ರಿ ಅಮ್ಮಾ?’ ಎಂದು ಕೇಳಿದೆ. ಮುದುಕಿ ಕರದಂಟು ಮುರಿಯುತ್ತಲೇ ಹೇಳಿದರು.

‘ಒಂದs ಒಂದು ಕನ್ಯಾ ನೋಡಾಕ ಹೋಗಿದ್ವಿ ಯವ್ವಾ. ಅಂವಗ ಇಪ್ಪತ್ತೆಂಟು. ಪಡಸಾಲ್ಯಾಗ ಜಮಖಾನಿ ಹಾಸಿ ಕುಂಡ್ರಿಸಿದ್ರು, ಉಪ್ಪಿಟ್ಟು ಕೊಟ್ರು. ಎರಡು ತುತ್ತು ತಿಂದಿದ್ದ. ಅಷ್ಟ್ರಾಗ ಗೌರ್ಮೆಂಟ್ ನೌಕರಿ ವರ ಒಬ್ಬಾಂವ ಬಂದಾನ ಅಂತ ಗದ್ದಲಾತು. ನಿಮ್ಮ ತಾಟು ತಗೊಂಡು ಹಿತ್ತಲಕ ಹೋಗ್ರಿ, ಅಲ್ಲಿ ಕುಂಡ್ರಿ ಅಂದ್ರು. ನನ್ನ ಮಗ ತಾಟು ಹಿಡಕೊಂಡು ಎದ್ದಾ. ಹಿತ್ತಲಕ್ಕೂ ಹೋದ, ಉಪ್ಪಿಟ್ಟೂ ತಿಂದ, ತಾಟು ತೊಳದೂ ಇಟ್ಟ. ಅವತ್ತಿಂದ ಎಲ್ಲಿಗೂ ಬರೂದಿಲ್ಲ ಅಂತಾನ.’

ಸರ್ ಬಂದು ಬಾಗಿಲಿಗೆ ತಲೆ ಬಡಿಸಿಕೊಂಡು ಒಳಗೆ ಹೆಜ್ಜೆ ಇಟ್ಟಾಗಲೂ ನನಗೆ ನಗು ಬರಲಿಲ್ಲ.

ಅದಾದ ಮರುವರ್ಷವೇ ಬಾದಾಮಿಯ ಸಮಾವೇಶ ಬಂತು. ಸರ್ ಅವರ ಸಮಾಜದವರೇ ಬಾದಾಮಿಯ ಒಂದು ಕಲ್ಯಾಣಮಂಟಪದಲ್ಲಿ ವಧೂವರರ ಸಮಾವೇಶ ಇಟ್ಟುಕೊಂಡಿದ್ದರು. ಹುನಗುಂದ, ಇಳಕಲ್, ಕಮತಗಿ ಎಲ್ಲ ಕಡೆಯ ಮಂದಿ ಬರುವವರಿದ್ದರು. ಕಂಪ್ಯೂಟರಿನಲ್ಲೇ ಹೆಸರು ನೋಂದಾಯಿಸಿ, ಕಂಪ್ಯೂಟರಿನಲ್ಲೇ ಹುಡುಕಿ ಕೊಡಬೇಕೆಂದು ಹಿರಿಯರ ಹಟ. ಕೆಲಸ ನಮಗೆ ಬಂತು. ಆರು ಕಂಪ್ಯೂಟರು, ಒಂದು ಸರ್ವರ್, ಒಂದೇ ಒಂದು ಸ್ಕ್ಯಾನರ್.

ಕೋಡು ನಾವಿಬ್ಬರೂ ಸೇರಿ ಬರೆದೆವು. ಹುಡುಕುವ ಪುಟ ಸರಿಯಿದೆಯೋ ಇಲ್ಲವೋ ನೋಡಲು ಯಾದಿಯಲ್ಲಿ ಒಬ್ಬ ವರನಾದರೂ ಬೇಕಲ್ಲ? ಅದಕ್ಕೆ ಸರ್ ಕೋಡಿನೊಳಗೇ ಒಬ್ಬ ಹುಸಿ ವರನನ್ನು ಕೂಡಿಸಿದರು. ಏನು ಹುಡುಕಿದರೂ ಮೊದಲು ಅವನು ಕಾಣಬೇಕು, ಹಾಗೆ. ಏನು ಹೆಸರಿಡುವುದೆಂದು ತೋಚದೆ ತಮ್ಮದೇ ಹೆಸರು, ಊರು, ವಯಸ್ಸು ಬರೆದರು. ಎತ್ತರ ಎಂಬಲ್ಲಿ ಅವಸರದಲ್ಲಿ 1 ಎಂದು ಒತ್ತಿದರು. ಉದ್ಯೋಗ: ಪರೀಕ್ಷೆ. ನಿರೀಕ್ಷೆಗಳು: ಏನೂ ಇಲ್ಲ. ಕೆಲಸ ಮುಗಿದ ದಿನ, ‘ತಂಗಿ, ಅದೊಂದು ಹೆಸರು ತಗದುಬಿಡು’ ಎಂದು ನನಗೆ ಹೇಳಿದರು. ನಾಳೆ ತೆಗೆದರಾಯಿತು ಎಂದುಕೊಂಡೆ. ಆ ನಾಳೆ ಬರುವಷ್ಟರಲ್ಲಿ ನಾವು ಕಂಪ್ಯೂಟರುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಾದಾಮಿಯಲ್ಲಿದ್ದೆವು.

ಸಮಾವೇಶದ ದಿನ ಹನ್ನೊಂದು ಗಂಟೆಗೆ ಮಂಟಪ ತುಂಬಿಹೋಗಿತ್ತು. ಅಂಚೆಯಲ್ಲಿ ಮೊದಲೇ ಬಂದಿದ್ದ ಅರ್ಜಿಗಳನ್ನು ಯಾದಿಗೆ ಸೇರಿಸಿಟ್ಟಿದ್ದೆವು. ಹೊಸಬರ ಅರ್ಜಿಗಳನ್ನು ಆರು ಜನ ಆಪರೇಟರುಗಳು ತುಂಬುತ್ತಿದ್ದರು. ಒಂದೊಂದು ಅರ್ಜಿ ನಾಲ್ಕು ಪುಟ. ಫೋಟೋ ಸ್ಕ್ಯಾನ್ ಆದ ಮೇಲಷ್ಟೇ ಅರ್ಜಿ ಪಕ್ಕಾ ಆಗಿ ಯಾದಿಗೆ ಸೇರುವುದು. ಅಲ್ಲಿಯವರೆಗೆ ಸರ್ವರಿನ ನೆನಪಿನಲ್ಲಷ್ಟೇ ಇರುವುದು. ಸ್ಕ್ಯಾನರ್ ಒಂದೇ ಆದ್ದರಿಂದ ಅರವತ್ತರ ಸಮೀಪ ಮನೆತನಗಳ ಅರ್ಜಿ ಫೋಟೋದ ಸರದಿಗಾಗಿ ಹಾಗೆ ಕಾಯುತ್ತಿದ್ದವು.

ರುಮಾಲು ಸುತ್ತಿದ ಹುನಗುಂದದ ಹಿರಿಯರೊಬ್ಬರು ಒಂದು ಪ್ರಿಂಟು ಹಿಡಿದು ನನ್ನ ಮುಂದೆ ಬಂದರು. ‘ಯವ್ವಾ, ಈ ಪರೀಕ್ಷೆ ಇಲಾಖೆ ವರ ಎಲ್ಲಿ ಸಿಗತಾನ?’

ಪ್ರಿಂಟಿನಲ್ಲಿದ್ದದ್ದು ನಾನು ತೆಗೆಯಲು ಮರೆತ ಸರ್ ಅವರ ಹೆಸರು.

‘ಮೂರು ಕಂಪ್ಯೂಟರಿನ್ಯಾಗ ಹುಡುಕಿಸಿದೆ,’ ಹಿರಿಯರು ಮೆಚ್ಚುಗೆಯಿಂದ ಹೇಳಿದರು, ‘ಎಲ್ಲಾದ್ರಾಗೂ ಇಂವನ ಮೊದಲ ಬರತಾನ. ದೊಡ್ಡ ಮನಿತನ ಇರಬೇಕು.’

ಅವರ ಹಿಂದೆ ಇಬ್ಬರು ಹೆಣ್ಣುಮಕ್ಕಳು ಇನ್ನೊಂದು ಪ್ರಿಂಟು ಹಿಡಿದು ವಾದಕ್ಕೆ ನಿಂತಿದ್ದರು.

‘ಎತ್ತರ ಒಂದು ಅಂತ ಐತಲ್ಲs. ಒಂದs ಫೂಟೇನ, ಪಾಪ?’

‘ಗೌರ್ಮೆಂಟ್ ನೌಕರಿ ಐತಿ ಬಿಡs. ಎತ್ತರ ತಗೊಂಡು ಏನ ಮಾಡ್ತಿ?’

ಅಷ್ಟರಲ್ಲಿ ಮೈಕಿನಲ್ಲಿ ಘೋಷಣೆಯಾಯಿತು: ‘ಪರೀಕ್ಷೆ ಇಲಾಖೆಯ ವರ ಎಲ್ಲಿದ್ದರೂ ವೇದಿಕೆ ಕಡೆ ಬರಬೇಕು. ಎಂಟು ಮನಿತನದವರು ಕಾಯಾಕತ್ಯಾರ.’

ಸರ್ ಸರ್ವರಿನ ಮುಂದೆ ಕುಳಿತಿದ್ದರು. ತಮ್ಮ ಹೆಸರೂ ಮೈಕಿನಲ್ಲಿ ಬಂದಾಗ ಮೆಲ್ಲಗೆ ನನ್ನ ಕಡೆ ತಿರುಗಿದರು. ‘ತಂಗೀ, ಅದನ್ನ ತಗದಿಲ್ಲ?’

‘ಮರತೆ ಸರ್.’

ಒಂದು ಉಸಿರು ಬಿಟ್ಟರು. ‘ಆತು, ಅಳಬ್ಯಾಡ. ಈಗ ತಗದು ಹೊಸಾ ಕ್ಲಾಸ್ ಮಾಡಿ ಕೊಡು. ರೀಲೋಡ್ ಮಾಡೂಣು. ಯಾರಿಗೂ ಗೊತ್ತಾಗೂದಿಲ್ಲ.’

ಎರಡು ನಿಮಿಷದಲ್ಲಿ ಮಾಡಿಕೊಟ್ಟೆ. ಅವರು ಮೌಸನ್ನು ಗುಂಡಿಯ ಮೇಲೆ ತಂದರು. ಬೆರಳು ಒತ್ತುವ ಮುಂಚೆ ಕೇಳಿದರು, ‘ಗಂಟಿನ ಸಾಲು ಎಲ್ಲಾ ಕ್ಲಾಸಿಗೂ ಐತಲ್ಲ?’

‘ಐತ್ರಿ ಸರ್.’

‘ನೋಡಿ ಹೇಳು.’

ಅರ್ಜಿಯ ಕ್ಲಾಸುಗಳು ಏಳು. ಒಂದೊಂದಾಗಿ ತೆರೆದೆ. ಆರನೆಯದು ಮನೆತನದ ಕ್ಲಾಸು. ತಂದೆ, ತಾಯಿ, ಅಣ್ಣತಮ್ಮಂದಿರು, ಬಳಗ ಎಲ್ಲ ಅದರಲ್ಲಿ. ಅದರ ನೆತ್ತಿಯ ಮೇಲೆ ಆ ಎರಡು ಶಬ್ದ ಇರಲಿಲ್ಲ. ಐವತ್ತು ಸಲ ಬರೆದ ಕೈಯೇ ಅದನ್ನು ಅಲ್ಲಿ ಬಿಟ್ಟಿತ್ತು. ಈಗ ಬರೆದರೂ ಉಪಯೋಗವಿಲ್ಲ. ಮುಂಜಾನೆಯಿಂದ ಸರ್ವರಿನ ನೆನಪಿನಲ್ಲಿ ಕುಳಿತ ಅರವತ್ತು ಅರ್ಜಿಗಳು ಹುಟ್ಟಿದ್ದೇ ಆ ಸಾಲಿಲ್ಲದೆ. ಗುಂಡಿ ಒತ್ತಿದರೆ ಅವೆಲ್ಲ ಹೋದಂತೆ.

ಸರ್ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಮಂಟಪದ ಕಡೆ ಒಮ್ಮೆ ಕಣ್ಣಾಡಿಸಿದರು. ಮೊದಲ ಬಸ್ಸು ಹಿಡಿದು ಬಂದವರು, ಮಡಿಲಲ್ಲಿ ಫೋಟೋದ ಲಕೋಟೆ ಇಟ್ಟುಕೊಂಡು ಕುರ್ಚಿಗಳಲ್ಲಿ ಕುಳಿತಿದ್ದರು. ಮೌಸಿನಿಂದ ಕೈ ತೆಗೆದುಬಿಟ್ಟರು.

‘ಬ್ಯಾಡ.’

‘ಸರ್, ಸಂಜೀತನಕ ನಿಮ್ಮ ಹೆಸರು ಹಿಂಗs…’

‘ಇರಲಿ. ಅವರು ನಕ್ಕರ ನನಗೇನ ತ್ರಾಸಿಲ್ಲ. ಎಲ್ಲಾರ ಫೋಟೋ ಮುಗೀಲಿ, ಆಮ್ಯಾಲೆ ತಗದ್ರಾತು.’

ತ್ರಾಸಿಲ್ಲವೆಂದವರ ಕಿವಿ ಕೆಂಪಾಗಿದ್ದವು. ಎದ್ದು ನೇರ ವೇದಿಕೆಗೆ ನಡೆದರು. ಮೈಕು ಅವರ ಎದೆಯ ಮಟ್ಟಕ್ಕಿತ್ತು, ಬಗ್ಗಿ ಮಾತಾಡಿದರು.

‘ನಮಸ್ಕಾರ್ರಿ ಎಲ್ಲಾರಿಗೂ. ಪರೀಕ್ಷೆ ಇಲಾಖೆ ವರ ಅಂತ ನೀವು ಹುಡುಕಾಕತ್ತೀರಲ್ಲ, ಅಂವ ನಾನs. ಇಲಾಖೆ ಗಿಲಾಖೆ ಏನಿಲ್ರಿ. ಕಂಪ್ಯೂಟರ್ ಸರಿ ಐತಿಲ್ಲೋ ಅಂತ ಪರೀಕ್ಷೆ ಮಾಡಾಕ ಹಾಕಿದ್ದು. ತಪ್ಪು ನಂದು. ಈಗ ತಗೀಬೇಕಂದ್ರ ನಿಮ್ಮ ಅರ್ಜಿ ಹೋಗತಾವು. ಅದಕ್ಕ ಸಂಜೀತನಕ ಯಾದಿಯೊಳಗ ಇರತೇನಿ. ದಯಮಾಡಿ ನನ್ನ ದಾಟಿ ಮುಂದಿನವರನ್ನ ನೋಡ್ರಿ.’

ಇಡೀ ಮಂಟಪ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೂಸುಗಳಿಗೆ ಹಾಲು ಕುಡಿಸುತ್ತಿದ್ದ ತಾಯಂದಿರೂ ನಕ್ಕರು. ‘ಒಂದs ಫೂಟ್ ಅಲ್ಲಬೇ, ಆರು ಫೂಟ್ ಅದಾನ!’ ಎಂದು ಯಾರೋ ಕೂಗಿದರು. ಸರ್ ಕೈ ಮುಗಿದು ಇಳಿದು ಬಂದು ಮತ್ತೆ ಸರ್ವರಿನ ಮುಂದೆ ಕುಳಿತರು. ‘ತಪ್ಪು ನಂದು’ ಎಂದಿದ್ದರು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ದಿನವಿಡೀ ಪ್ರತಿ ಪರದೆಯ ಮೇಲೂ ಮೊದಲು ಅವರ ಹೆಸರು ಬರುತ್ತಿತ್ತು, ಪ್ರತಿ ಸಲವೂ ಯಾರಾದರೊಬ್ಬರು ತಿರುಗಿ ಅವರನ್ನು ನೋಡಿ ನಗುತ್ತಿದ್ದರು, ಅವರು ಸ್ಕ್ಯಾನರಿಗೆ ಒಂದೊಂದೇ ಫೋಟೋ ಇಡುತ್ತಿದ್ದರು.

ನಾಲ್ಕೂವರೆಗೆ ಕೊನೆಯ ಫೋಟೋ ಮುಗಿಯಿತು. ಅರ್ಜಿಗಳೆಲ್ಲ ಯಾದಿಗೆ ಸೇರಿದವು. ಇನ್ನೂ ಹತ್ತಿಪ್ಪತ್ತು ಮಂದಿ ಪರದೆಗಳ ಮುಂದೆ ಕುಳಿತು ಹುಡುಕುತ್ತಿದ್ದರು. ಸರ್ ಗುಂಡಿ ಒತ್ತಿದರು. ಗುಳೇದಗುಡ್ಡದ ತಾಯಿ ಮಗಳು ಮುಂದಿನ ಪುಟಕ್ಕೆ ಹೋದರು, ಹಿಂದಿನ ಪುಟಕ್ಕೆ ಬಂದರು. ಮೊದಲ ಹೆಸರು ಮಾಯವಾಗಿತ್ತು. ಯಾರೂ ತಲೆ ಎತ್ತಿ ನೋಡಲಿಲ್ಲ.

‘ಹ್ವಾದೆ ನೋಡು,’ ಎಂದರು ಸರ್. ಖುಷಿಯಿಂದಲೇ ಹೇಳಿದರೋ ಏನೋ, ನನಗೆ ತಿಳಿಯಲಿಲ್ಲ. ಕೇಬಲ್ ಬಿಚ್ಚಲು ಮೇಜಿನ ಕೆಳಗೆ ನುಸುಳಿದರು.

ಆಗ ಒಬ್ಬ ಹೆಣ್ಣುಮಗಳು ಬಂದರು. ಮೂವತ್ತೆಂಟರ ಆಸುಪಾಸು, ಇಳಕಲ್ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಮಡಚಿದ ಕೊಡೆ. ಕಮತಗಿ ಸಾಲಿಯಲ್ಲಿ ಗಣಿತ ಕಲಿಸುವ ಅಕ್ಕೋರು. ತಂದೆ ತೀರಿದ ಮೇಲೆ ತಮ್ಮ ತಂಗಿಯರನ್ನು ದಡ ಮುಟ್ಟಿಸುವುದರಲ್ಲಿ ಅವರ ಲಗ್ನದ ಮಾತೇ ಹಿಂದೆ ಬಿದ್ದಿತ್ತೆಂದು ನನಗೆ ಆಮೇಲೆ ತಿಳಿಯಿತು. ಅವತ್ತು ಅವರು ಬಂದದ್ದು ಕೊನೆಯ ತಂಗಿಯ ಹೆಸರು ಹಚ್ಚಿಸಲು.

‘ಮುಂಜಾನಿ ಯಾದಿಯೊಳಗ ಮೊದಲ ಒಬ್ಬರಿದ್ರಲ್ಲ, ಈಗ ಕಾಣವಲ್ರು?’

‘ತಗದೇವ್ರಿ ಅಕ್ಕೋರ. ಅವರು ಖರೆ ವರ ಅಲ್ರಿ. ಮೈಕಿನ್ಯಾಗ ಹೇಳಿದ್ರಲ್ರಿ?’

‘ಕೇಳೇನಿ. ವರ ಅಲ್ಲ ಅಂದ್ರು. ಲಗ್ನಾ ಆಗೇತಿ ಅಂತ ಏನೂ ಹೇಳಲಿಲ್ಲ.’

ಮೇಜಿನ ಕೆಳಗೆ ಧಡ್ ಎಂದು ಸದ್ದಾಯಿತು. ಅಕ್ಕೋರು ಬಗ್ಗಿ ನೋಡಿದರು. ಸರ್ ನೆತ್ತಿ ಉಜ್ಜಿಕೊಳ್ಳುತ್ತ, ಮೊಳಕಾಲೂರಿ ಹೊರಬಂದರು. ಕೂದಲಿಗೆಲ್ಲ ಜೇಡರ ಬಲೆ.

‘ಕುಂಡ್ರಿ, ಕುಂಡ್ರಿ,’ ಎಂದು ಗಡಿಬಿಡಿಯಲ್ಲಿ ತಮ್ಮ ಕುರ್ಚಿ ಎಳೆದುಕೊಟ್ಟರು. ‘ನೋಡ್ರಿ, ಅದು… ನಾ ಅರ್ಜಿ ತುಂಬಿಲ್ರಿ.’

‘ನಾನೂ ತುಂಬಿಲ್ರಿ,’ ಎಂದು ಅಕ್ಕೋರು ಕುಳಿತರು.

ಮುಂದಿನ ಶನಿವಾರದಿಂದ ಅಕ್ಕೋರು ಕಮತಗಿ ಬಸ್ಸು ಹಿಡಿದು ನಮ್ಮ ಸೆಂಟರಿಗೆ ಜಾವಾ ಕಲಿಯಲು ಬರತೊಡಗಿದರು. ಸಾಲಿಯ ಮಕ್ಕಳ ಅಂಕಪಟ್ಟಿ ಮಾಡಬೇಕು ಎಂಬುದು ಅವರು ಕೊಟ್ಟ ಕಾರಣ. ಎರಡು ತಿಂಗಳಲ್ಲಿ ಅಕ್ಕೋರು ಸರ್ ಬರೆದ ಕೋಡಿನಲ್ಲೇ ತಪ್ಪು ಹಿಡಿಯತೊಡಗಿದರು. ಸರ್ ತಪ್ಪು ಒಪ್ಪಿಕೊಳ್ಳುವಾಗ ಅಷ್ಟು ಖುಷಿಪಟ್ಟದ್ದನ್ನು ನಾನು ಕಂಡಿರಲಿಲ್ಲ. ಬಾಗಿಲಿಗೆ ತಲೆ ಬಡಿಸಿಕೊಳ್ಳುವುದು ಶನಿವಾರಗಳಂದು ವಿಪರೀತವಾಯಿತು. ಗಿರಣಿಯಾತ ಒಂದು ದಿನ ನನ್ನನ್ನು ಕೆಳಗೆ ಕರೆದು, ‘ಮ್ಯಾಲೆ ಏನೋ ಬದಲಿ ಆಗಾಕತ್ತೈತಿ ಅಲ್ರಿ?’ ಎಂದು ಕೇಳಿದ.

ಒಂದು ವರ್ಷ ಹೀಗೇ ಹೋಯಿತು. ಕೊನೆಗೆ ತಾಯಿಯೇ ಮಗನನ್ನು ಹೊರಡಿಸಿದರು. ಜೊತೆಗೆ ನನ್ನನ್ನೂ ಕರೆದುಕೊಂಡರು. ಕಮತಗಿಯ ಮನೆಯಲ್ಲಿ ಸರ್ ಜಮಖಾನೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಯಾವ ಗಳಿಗೆಯಲ್ಲಾದರೂ ಏಳಲು ಸಿದ್ಧ ಎಂಬಂತೆ ಕುಳಿತಿದ್ದರು. ಉಪ್ಪಿಟ್ಟಿನ ತಾಟು ತಂದ ಅಕ್ಕೋರು ಅದನ್ನು ಅವರ ಕೈಗೆ ಕೊಟ್ಟು, ಎದುರಿಗೇ ಕುಳಿತು ಹೇಳಿದರು, ‘ನಿಧಾನಕ ತಿನ್ರಿ. ಯಾರೂ ಬರಾವರಿಲ್ಲ.’ ಯಾರು ಹೇಳಿದ್ದರು ಅವರಿಗೆ ಆ ಕತೆಯನ್ನು? ಮುದುಕಿ ನನ್ನ ಕಡೆ ನೋಡಿದರು, ನಾನು ಮುದುಕಿಯ ಕಡೆ ನೋಡಿದೆ. ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದೆವು.

ಲಗ್ನ ಹುನಗುಂದದಲ್ಲಿ ರಿಜಿಸ್ಟರ್ ಆಯಿತು. ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಸರ್ ಕಮತಗಿಗೇ ಮನೆ ಬದಲಿಸಿ, ಅಲ್ಲಿಂದಲೇ ಸೆಂಟರಿಗೆ ಓಡಾಡಿದರು. ನನಗೆ ಹುಬ್ಬಳ್ಳಿಯ ಸಂಬಂಧ ಕೂಡಿ ಬಂದು ನಾನು ಹೊರಟೆ. ಹೊರಡುವ ದಿನ ಅವರು ಖಾಕಿ ಹೊದಿಕೆಯ ಆ ಕೈಪಿಡಿಯನ್ನು ನನಗೆ ಕೊಟ್ಟು, ‘ನಿನಗ ಬೇಕಾಗತೈತಿ, ನಮ್ಮನ್ಯಾಗ ಈಗ ಕೈಪಿಡಿಗಿಂತ ಜೋರು ಇರೂವಾಕಿ ಬಂದಾಳ’ ಎಂದರು. ಒಳಗಿನಿಂದ ಅಕ್ಕೋರು, ‘ಕೇಳಸತೈತಿ’ ಎಂದರು.

ಆಮೇಲೆ ವರ್ಷಕ್ಕೊಂದೆರಡು ಸಲ ಫೋನು, ಅಷ್ಟೇ. ಆ ಎರಡು ತಪ್ಪಿನ ಮಾತು ಅವರು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಂದು ಸಲ ಕೂತು ಕ್ಷಮೆ ಕೇಳಬೇಕು ಎಂದು ಇಷ್ಟು ವರ್ಷ ಅಂದುಕೊಂಡದ್ದೇ ಬಂತು.

ಫೋನು ಬಂದ ಮೂರನೆಯ ದಿನ ಕಮತಗಿಗೆ ಹೋದೆ. ಪಡಸಾಲೆಯಲ್ಲಿ ಬಳಗದವರು ತುಂಬಿದ್ದರು. ಅಕ್ಕೋರು ಗೋಡೆಗೊರಗಿ, ಬಂದವರು ಹೇಳುವ ಸಮಾಧಾನಕ್ಕೆಲ್ಲ ತಲೆಯಾಡಿಸುತ್ತ ಕುಳಿತಿದ್ದರು. ಕಣ್ಣು ಒಣಗಿದ್ದವು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು. ನನ್ನ ಮನಸ್ಸಿನಲ್ಲಿದ್ದುದೇ ಬಾಯಿಗೆ ಬಂತು.

‘ಅಕ್ಕೋರ, ಅವತ್ತ ಬಾದಾಮ್ಯಾಗ ತಪ್ಪು ಸರ್‌ದು ಅಲ್ರಿ. ಅವರ ಹೆಸರು ತಗಿ ಅಂದಿದ್ರು, ನಾ ಮರತೆ. ಆಮ್ಯಾಲೆ ರೀಲೋಡ್ ಮಾಡಬೇಕಂದ್ರ ಅದಕ್ಕ ಬೇಕಾದ ಸಾಲೂ ನಾನs ಬರದಿರಲಿಲ್ಲ. ಎರಡೂ ನನ್ನ ತಪ್ಪು. ಅವರಿಗೆ ಒಮ್ಮೆನೂ ಕ್ಷಮಾ ಕೇಳಲಿಲ್ರಿ.’

ಅಕ್ಕೋರು ಹಿಡಿದ ಕೈ ಬಿಡದೆ ನನ್ನ ಕಡೆ ತಿರುಗಿದರು.

‘ನಾಕ ಪುಟದ ಅರ್ಜಿ,’ ಮೆಲ್ಲಗೆ ಹೇಳಿದರು. ‘ನಮ್ಮ ತಂಗೀದೂ ಅದರಾಗs ಇತ್ತು, ಫೋಟೋದ ಪಾಳೇಕ. ನೀವು ಆ ಗುಂಡಿ ಒತ್ತಿ ಅದು ಹೋಗಿದ್ರ, ಮತ್ತ ಮೊದಲಿಂದ ಯಾರು ತುಂಬತಿದ್ರು? ನಾ ಸಿಟ್ಟೀಲೆ ಅಕೀನ ಕರಕೊಂಡು ಹನ್ನೆರಡರ ಬಸ್ಸಿಗೆ ಮನಿಗೆ ಬಂದಿರತಿದ್ದೆ.’

‘ಹೌದಲ್ರಿ…’

‘ಇನ್ನ ನೀ ಆ ಸಾಲು ಬರದಿಟ್ಟಿದ್ರ, ಇಲ್ಲಾ ಮರೀದ ಹೆಸರು ಮೊದಲs ತಗದಿದ್ರ, ಅವರು ಮೈಕಿನ ಮುಂದs ಬರತಿದ್ದಿಲ್ಲ…’ ಅವರ ತುಟಿ ಅದುರಿತು. ಅಳುತ್ತಾರೆಂದು ನಾನು ಕೈ ಗಟ್ಟಿ ಹಿಡಿದೆ. ‘ಹದಿನೇಳು ವರ್ಷ ಸಂಸಾರ ಮಾಡಿದೆನಲ್ಲವಾ. ನೀ ಸರಿ ಕೆಲಸ ಮಾಡಿದ್ದಿ ಅಂದ್ರ ನನ್ನ ಗತಿ ಏನ್ ಆಗತಿತ್ತು?’

ಅಷ್ಟು ಹೇಳಿ ಅವರು ನಕ್ಕುಬಿಟ್ಟರು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಿಲ್ಲ. ನನಗೂ ತಡೆಯಲಾಗಲಿಲ್ಲ. ಹೊಸದಾಗಿ ಬಂದು ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದ ಇಬ್ಬರು, ಬೇರೆ ಯಾರದೋ ಮನೆಗೆ ಬಂದೆವೇನೋ ಎಂಬಂತೆ ಅಲ್ಲಿಯೇ ನಿಂತರು. ಅಡಿಗೆ ಮನೆಯಿಂದ ಅಕ್ಕೋರ ತಂಗಿ ಗಾಬರಿಯಾಗಿ ಓಡಿ ಬಂದಳು. ಅಕ್ಕನ ಕೆನ್ನೆಯ ಮೇಲೆ ಮೂರು ದಿನದಿಂದ ಇಳಿಯದ ನೀರು ಧಾರಾಕಾರ ಇಳಿಯುತ್ತಿತ್ತು. ಅವಳು ಬಂದು ಅಕ್ಕನ ಇನ್ನೊಂದು ಪಕ್ಕದಲ್ಲಿ ಕುಳಿತಳು.